ದುಡ್ಡು ಕೊಟ್ಟಿದ್ದು ‘ಇವತ್ತು ಬೇಡ’ ಅನ್ನಿಸಿಕೊಳ್ಳೋಕೆ

ಗೋವಾಗೆ ಕಯಾಕಿಂಗ್‌ಗೆ, ಅಂದ್ರೆ ಉದ್ದನೆಯ ಪುಟ್ಟ ದೋಣಿಯಲ್ಲಿ ಕೂತು ನಾವೇ ಹುಟ್ಟು ಹಾಕೋಕೆ ಹೋಗ್ತಿದೀನಿ, ಗೈಡ್ ಜೊತೆ, ಪೂರ್ತಿ ಟ್ರಿಪ್ ಮೊದಲೇ ಬುಕ್ ಮಾಡಿದೀನಿ ಅಂದಾಗ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನವರಿಂದ ಹಿಡಿದು ಆಫೀಸಿನವರ ತನಕ ಎಲ್ರೂ ಕೇಳಿದ್ದು ಒಂದೇ ಮಾತು. ಬೀಚಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗತ್ತಲ್ಲ, ಅದಕ್ಕೆ ಗೈಡ್ ಯಾಕೆ, ಅಷ್ಟು ದುಡ್ಡು ಯಾಕೆ? ಆಗ ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ, ಈಗ ಇದೆ, ಅದನ್ನೇ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಬಾಡಿಗೆ ದೋಣಿ ಕೆಟ್ಟದ್ದು ಅಂತ ಹೇಳ್ತಿಲ್ಲ. ದಕ್ಷಿಣ ಗೋವಾದ ಪಾಲೋಲೆಂ ಥರ ಎರಡೂ ಕಡೆ ಗುಡ್ಡದ ತೋಳು ಇರೋ ಕೊಲ್ಲಿಯಲ್ಲಿ, ಲೈಫ್‌ಗಾರ್ಡ್ ಕಣ್ಣಿಗೆ ಬೀಳೋಷ್ಟು ದೂರದಲ್ಲಿ, ಮೇಲೆ ಕೂತು ಹುಟ್ಟು ಹಾಕೋ ಆ ಪ್ಲಾಸ್ಟಿಕ್ ಕಯಾಕ್‌ನಲ್ಲಿ ಮಕ್ಕಳನ್ನ ಕೂರಿಸ್ಕೊಂಡು ಒಂದು ಸುತ್ತು ಹಾಕಿ ಬರೋದು ಚೆನ್ನಾಗೇ ಇರತ್ತೆ. ಆದ್ರೆ ಆ ಗುಡ್ಡದ ಮೂಲೆ ದಾಟಿದ ತಕ್ಷಣ ಸಮುದ್ರ ಬೇರೆ ಆಗತ್ತೆ. ಗಾಳಿಗೆ ಅಡ್ಡ ಏನೂ ಇರಲ್ಲ, ಅಲೆ ಬಂಡೆಗೆ ಬಡಿದು ವಾಪಸ್ ಬಂದು ಎದುರಿನ ಅಲೆ ಜೊತೆ ಸೇರಿ ನೀರು ಯಾವ ಕಡೆ ಎದ್ದು ಯಾವ ಕಡೆ ಬೀಳತ್ತೆ ಅಂತಾನೇ ಗೊತ್ತಾಗಲ್ಲ, ಇಳಿಯೋಣ ಅಂದ್ರೆ ಮರಳು ಇರಲ್ಲ. ನಂಗೆ ಆ ಮೂಲೆ ದಾಟಬೇಕಿತ್ತು. ನಾನು ಹುಟ್ಟಿದ್ದು ಗದಗದ ಕಡೆ, ಎರೆಹೊಲ, ಕೆರೆ ನೀರು. ಸಮುದ್ರ ನೋಡಿದ್ದೇ ಮದುವೆಯಾಗಿ ಮುಂಬೈಗೆ ಬಂದ ಮೇಲೆ. ಫೋನಲ್ಲಿ ಹೇಳಿದಾಗ ಅವ್ವ ಕೇಳಿದ್ಲು, ‘ಸಮುದ್ರದಾಗ ನಿಂದೇನ್ ಕೆಲಸ ಐತಿ?’ ಅಂತ. ಕೆಲಸ ಏನೂ ಇಲ್ಲವ್ವಾ, ನೋಡ್ಬೇಕು ಅನ್ನಿಸ್ತು ಅಷ್ಟೇ ಅಂದೆ. ‘ಹಂಗಾದ್ರ ಗೊತ್ತಿದ್ದವರ ಕೂಡ ಹೋಗು’ ಅಂದ್ಲು. ಅವಳಿಗೂ ಗೈಡ್ ಬೇಕು ಅನ್ನೋದು ತಕ್ಷಣ ಹೊಳೀತು ನೋಡಿ.

ಜೊತೆಗೆ ಬಂದವಳು ಪುಣೆಯಲ್ಲಿರೋ ನನ್ನ ಚಿಕ್ಕಮ್ಮನ ಮಗಳು. ಕಾಲೇಜಿನ ದಿನಗಳಲ್ಲಿ ಅಲ್ಲಿನ ಇಂಜಿನಿಯರಿಂಗ್ ಕಾಲೇಜು ಸಿಒಇಪಿಯ ಬೋಟ್ ಕ್ಲಬ್‌ನವರ ದೋಣಿ ಹಬ್ಬ ರೆಗಾಟಾ ನೋಡೋಕೆ ಮುಳಾ-ಮುಠಾ ಹೊಳೆ ದಂಡೆ ಮೇಲೆ ಹೋಗಿ ಕೂತವಳು, ಸಾಲಾಗಿ ಬರೋ ಕಯಾಕ್‌ಗಳನ್ನ ನೋಡಿ ಅವತ್ತಿಂದ ತಲೆಯಲ್ಲಿ ಇಟ್ಕೊಂಡಿದ್ದಾಳೆ. ‘ಅಕ್ಕಾ, ಒಬ್ಬಳೇ ಹೋಗ್ಬೇಡ, ನಾನೂ ಬರ್ತೀನಿ’ ಅಂದ್ಲು.

ಬುಕಿಂಗ್ ಮಾಡಿದ ಮೇಲೆ ಗೈಡ್ ಕಳಿಸಿದ ಮೊದಲ ಮೆಸೇಜಲ್ಲಿ ಸಾಮಾನಿನ ಪಟ್ಟಿ ಇರಲಿಲ್ಲ, ಬರೀ ಪ್ರಶ್ನೆಗಳಿದ್ವು. ಈಜು ಬರತ್ತಾ, ಎಷ್ಟು ಹೊತ್ತು ತೇಲಬಲ್ಲಿರಿ, ಭುಜ ಯಾವತ್ತಾದ್ರೂ ಜಾರಿದ್ಯಾ, ಬಿಪಿ ಮಾತ್ರೆ ತಗೋತೀರಾ, ದೋಣಿಯಲ್ಲಿ ವಾಂತಿ ಬರತ್ತಾ. ಭುಜದ ಪ್ರಶ್ನೆ ಯಾಕೆ ಅಂತ ಆಮೇಲೆ ತಿಳೀತು. ಅಲೆ ಬಂದು ದೋಣಿ ವಾಲಿದಾಗ ಹೊಸಬರು ಕೈ ಮೇಲಕ್ಕೆತ್ತಿ ಪ್ಯಾಡಲ್‌ನ, ಅಂದ್ರೆ ಹುಟ್ಟನ್ನ, ದೂರಕ್ಕೆ ಚಾಚಿ ನೀರಿಗೆ ಹೊಡೀತಾರೆ, ನೀರಿನ ಹೊಡೆತಕ್ಕೆ ಭುಜದ ಕೀಲೇ ಕಳಚಿಹೋಗಬಹುದು. ಮೊಣಕೈ ಮೈ ಹತ್ರಾನೇ ಇರಬೇಕು, ಪ್ಯಾಡಲ್ ತಗ್ಗಲ್ಲೇ ಇರಬೇಕು. ಇಂಥಾ ಪ್ರಶ್ನೆ ಕೇಳದೆ ಬರೀ ಅಕೌಂಟ್ ನಂಬರ್ ಕಳಿಸೋರ ಹತ್ರ ನಾನಂತೂ ಹೋಗಲ್ಲ.

ತಯಾರಿ ಅಂದ್ರೆ ಜಿಮ್‌ಗೆ ಹೋಗಿ ತೋಳು ಗಟ್ಟಿ ಮಾಡ್ಕೊಳ್ಳೋದು ಅಂದ್ಕೊಂಡಿದ್ದೆ, ಠಾಣೆ ಊರಿನ ಕಡೆ ಒಂದು ಈಜುಕೊಳದಲ್ಲಿ ಕಲಿಸೋರು ಮೊದಲ ದಿನಾನೇ ಅದನ್ನ ತಲೆಯಿಂದ ತೆಗೆದು ಹಾಕಿದ್ರು. ಕಯಾಕ್ ಓಡೋದು ತೋಳಿನ ಬಲದಿಂದ ಅಲ್ಲ, ಸೊಂಟದ ಮೇಲಿನ ಮೈ ತಿರುಗೋದ್ರಿಂದ. ಪ್ಯಾಡಲ್‌ನ ಅಲಗು ಪಾದದ ಹತ್ರ ಪೂರ್ತಿ ನೀರಲ್ಲಿ ಮುಳುಗಬೇಕು, ಸೊಂಟದ ಹತ್ರ ಬಂದಾಗ ಹೊರಗೆ ಬರಬೇಕು, ಆ ಕಡೆ ಎಳೀವಾಗ ಅದೇ ಕಡೆಯ ಕಾಲು ದೋಣಿಯೊಳಗೆ ಪಾದ ಊರೋಕೆ ಇರೋ ಪಟ್ಟಿಯನ್ನ ಒತ್ತಬೇಕು. ಅವ್ವ ಕಂಬಕ್ಕೆ ಕಡಗೋಲು ಕಟ್ಟಿ ಮಜ್ಜಿಗೆ ಕಡೀವಾಗ ಒಂದು ಕೈ ಹಿಂದೆ ಬಂದ್ರೆ ಇನ್ನೊಂದು ತಾನಾಗೇ ಮುಂದೆ ಹೋಗ್ತಿತ್ತಲ್ಲ, ಇಡೀ ಬೆನ್ನು ತಿರುಗ್ತಾ, ಹಾಗೇ. ಅದು ನೆನಪಾದ ಮೇಲೆ ನಂಗೆ ಬೇಗ ಬಂತು, ಸಂಜೆ ತೋಳು ನೋಯೋದೂ ನಿಂತುಹೋಯ್ತು.

ನಿಜವಾಗ್ಲೂ ಕಲೀಬೇಕಾಗಿದ್ದು ಮಗುಚಿದಾಗ ಹೊರಗೆ ಬರೋದು. ಸಮುದ್ರದ ಕಯಾಕ್‌ನಲ್ಲಿ ಕಾಲು ದೋಣಿಯೊಳಗೆ ಇರತ್ತೆ, ನೀರು ಒಳಗೆ ಬರದೇ ಇರಲಿ ಅಂತ ಸೊಂಟಕ್ಕೆ ಕಟ್ಟಿಕೊಂಡು ದೋಣಿಯ ಬಾಯಿಗೆ ಬಿಗಿಯಾಗಿ ಹೊದಿಸೋ ಒಂದು ರಬ್ಬರ್ ಬಟ್ಟೆ ಇರತ್ತೆ, ಸ್ಪ್ರೇ ಸ್ಕರ್ಟ್ ಅಂತಾರೆ. ಅದರ ಮುಂಭಾಗದಲ್ಲಿ ಒಂದು ಪಟ್ಟಿ ಕುಣಿಕೆ. ದೋಣಿ ಹತ್ತಿದ ತಕ್ಷಣ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಆ ಕುಣಿಕೆ ಹೊರಗಿದ್ಯಾ ಅಂತ, ಅದು ಒಳಗೆ ಸಿಕ್ಕಿಕೊಂಡ್ರೆ ನೀರೊಳಗೆ ತಲೆಕೆಳಗಾಗಿ ಹುಡುಕೋ ಪರಿಸ್ಥಿತಿ. ಮಗುಚಿದ್ರೆ ಮುಂದಕ್ಕೆ ಬಾಗಬೇಕು, ದೋಣಿಯ ತಳಕ್ಕೆ ಎರಡೂ ಕೈಯಿಂದ ಬಡೀಬೇಕು, ಜೊತೆಯವರಿಗೆ ಕೇಳಿಸ್ಲಿ ಅಂತ, ಜೊತೆಗೆ ನಮ್ಮ ಗಾಬರಿಗೂ ಒಂದು ಕೆಲಸ ಸಿಗಲಿ ಅಂತ. ಆಮೇಲೆ ಕುಣಿಕೆ ಮುಂದಕ್ಕೆ ಎಳೆದು ಕಿತ್ತು, ಎರಡೂ ಪಕ್ಕಕ್ಕೆ ಕೈ ಕೊಟ್ಟು ಪ್ಯಾಂಟು ಬಿಚ್ಚೋ ಥರ ದೋಣಿಯನ್ನ ಕಾಲಿಂದ ಕಳಚಿಕೊಂಡು ಮೇಲೆ ಬರೋದು. ಹೇಳೋಕೆ ಇಷ್ಟುದ್ದ, ಮಾಡೋಕೆ ಕೆಲವೇ ಸೆಕೆಂಡು. ಮೂಗಲ್ಲಿ ಕ್ಲೋರಿನ್ ನೀರು, ಕಿವಿಯಲ್ಲಿ ಗುಂಯ್ ಅನ್ನೋ ಸದ್ದು, ಕಣ್ಣೆದುರು ನೀಲಿ ಟೈಲ್ಸು, ತಲೆ ಹೊರಗೆ ಬಂದಾಗ ಕಲಿಸೋರು ‘ಪ್ಯಾಡಲ್ ಎಲ್ಲಿ?’ ಅಂತ ಕೇಳ್ತಾರೆ. ಪ್ಯಾಡಲ್‌ನೂ ದೋಣಿನೂ ಕೈಬಿಡಬಾರದು, ಯಾಕಂದ್ರೆ ಗಾಳಿಯಲ್ಲಿ ಖಾಲಿ ದೋಣಿ ನಾವು ಈಜೋದಕ್ಕಿಂತ ಜೋರಾಗಿ ಓಡಿಹೋಗತ್ತೆ. ಇದು ಕೈಗೆ ಬಂದ ಮೇಲೆ ನಂಗೆ ಸಮುದ್ರದ ಭಯ ಪೂರ್ತಿ ಹೋಯ್ತು ಅಂತ ಅಲ್ಲ, ಭಯ ಒಂದು ಅಳತೆಗೆ ಬಂತು.

ಇದೇ ಹೊತ್ತಲ್ಲಿ ಒಂದು ಭಾನುವಾರ ಬೋರಿವಲಿಯ ಎಕ್ಸರ್‌ಗೆ ಹೋಗಿ ವೀರಗಲ್ಲು ನೋಡಿ ಬಂದೆ, ಟ್ರಿಪ್‌ಗೂ ಇದಕ್ಕೂ ನೇರ ಸಂಬಂಧ ಇಲ್ಲ, ಆದ್ರೂ ಬರೀಬೇಕು ಅನ್ನಿಸ್ತಿದೆ. ನಮ್ಮ ಕಡೆ ವೀರಗಲ್ಲು ಅಂದ್ರೆ ತುರುಗೊಳ್, ದನ ಬಿಡಿಸಿಕೊಂಡು ಬರೋಕೆ ಹೋಗಿ ಸತ್ತವರದ್ದು, ಕಲ್ಲಲ್ಲಿ ಹಸು, ಬಿಲ್ಲು, ಕುದುರೆ. ಎಕ್ಸರ್‌ನಲ್ಲಿ ಇರೋದು ಹಡಗಿನ ಯುದ್ಧ. ಶಿಲಾಹಾರರ ಕಾಲದ್ದು ಅಂತಾರೆ. ಉದ್ದ ದೋಣಿ, ಸಾಲಾಗಿ ಕೂತ ಹುಟ್ಟುಗಾರರು, ಎಲ್ಲರ ಹುಟ್ಟೂ ಒಂದೇ ಓರೆಯಲ್ಲಿ ನೀರಿಗೆ ಇಳಿದಿದೆ. ಲೋಕಲ್ ಟ್ರೇನಿನ ಮುಂಬೈಯಲ್ಲಿ, ಬಿಲ್ಡಿಂಗ್‌ಗಳ ಮಧ್ಯೆ ಈ ಕಲ್ಲು ನಿಂತಿದೆ. ನಮ್ಮೂರ ಕಲ್ಲಿನದ್ದೇ ಅಂತಸ್ತುಗಳು, ಕೆಳಗೆ ಯುದ್ಧ, ಮೇಲೆ ಸ್ವರ್ಗ. ನಡುವೆ ಮಾತ್ರ ಎರೆಭೂಮಿ ಬದ್ಲು ನೀರು. ಈ ಕರಾವಳಿಯಲ್ಲಿ ಹುಟ್ಟು ಹಾಕೋದು ರೆಸಾರ್ಟಿನವರು ತಂದ ಆಟ ಅಲ್ಲ ಅನ್ನೋದು ನನ್ನ ಮನಸ್ಸಲ್ಲಿ ಗಟ್ಟಿಯಾಯ್ತು.

ಡೇಟ್ ಗೊತ್ತು ಮಾಡಿದ್ದು ಗೈಡೇ. ನವೆಂಬರಿಂದ ಫೆಬ್ರವರಿ ಅಂದ್ರೆ ಗೋವಾ ಸಮುದ್ರ ಒಳ್ಳೇ ಮನಸ್ಸಲ್ಲಿರತ್ತೆ, ಅದು ಗೊತ್ತಿತ್ತು. ಆದ್ರೆ ಅವರು ಕೇಳಿದ್ದು, ‘ಅಷ್ಟಮಿ ಹತ್ರ ಬರೋಕಾಗತ್ತಾ?’ ಅಂತ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ಎಳೆಯೋದ್ರಿಂದ ಉಬ್ಬರ ಇಳಿತ ಎರಡೂ ದೊಡ್ಡದು, ನೀರಿನ ಓಟಾನೂ ಜೋರು. ಅಷ್ಟಮಿ ಆದ ಒಂದೆರಡು ದಿನಕ್ಕೆ ಅದು ತೀರಾ ಕಡಿಮೆ ಆಗತ್ತೆ, ಹೊಸಬರಿಗೆ ಹೇಳಿಮಾಡಿಸಿದ ನೀರು. ಅಡುಗೆಮನೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಲ್ಲಿ ಇಷ್ಟು ವರ್ಷ ಸಂಕಷ್ಟಿ, ಏಕಾದಶಿ ನೋಡ್ತಿದ್ದವಳು ಮೊದಲ ಸಲ ಅಷ್ಟಮಿ ಹುಡುಕಿ ರಜೆ ಹಾಕಿದೆ. ಮುಂಬೈಯವರಿಗೆ ಉಬ್ಬರ ಅಂದ್ರೆ ಮಳೆಗಾಲದ ಪೇಪರ್ ಸುದ್ದಿ, ನಾಲ್ಕೂವರೆ ಮೀಟರ್ ಮೇಲೆ ಬರತ್ತೆ, ಚರಂಡಿ ನೀರು ಹೋಗಲ್ಲ, ಟ್ರೇನ್ ನಿಲ್ಲತ್ತೆ ಅಂತ. ಗೋವಾದಲ್ಲಿ ಅಷ್ಟಿಲ್ಲ, ದೊಡ್ಡ ಉಬ್ಬರ ಅಂದ್ರೂ ಎರಡು ಮೀಟರ್ ಆಸುಪಾಸು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಜರಗ್ತಾ ಹೋಗತ್ತೆ. ಇದು ಗೊತ್ತಿದ್ರೆ ನಾಳೆ ಎಷ್ಟು ಹೊತ್ತಿಗೆ ದೋಣಿ ಇಳಿಸ್ತೀವಿ ಅಂತ ನಾವೇ ಅಂದಾಜು ಮಾಡಬಹುದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಅಂತ ಅಲೆ, ಗಾಳಿಯ ಮುನ್ಸೂಚನೆ ಕೊಡತ್ತೆ, ಯಾರು ಬೇಕಾದ್ರೂ ನೋಡಬಹುದು. ಹೋಗೋ ಮುಂಚಿನ ವಾರ ಪೂರ್ತಿ ಬೆಳಗ್ಗೆ ಚಹಾ ಜೊತೆ ಅದನ್ನ ನೋಡೋದೇ ಅಭ್ಯಾಸ ಆಯ್ತು.

ಸಾಮಾನಿನ ವಿಷಯ ಬೇಗ ಹೇಳಿ ಮುಗಿಸ್ತೀನಿ. ಕಾಟನ್ ಬೇಡ, ಒದ್ದೆಯಾದ್ರೆ ಒಣಗಲ್ಲ, ಉಪ್ಪಿನ ಜೊತೆ ಸೇರಿ ಕಂಕುಳು ಉಜ್ಜಿ ಗಾಯ ಮಾಡತ್ತೆ. ತುಂಬುತೋಳಿನ ನೈಲಾನ್ ಟೀ ಶರ್ಟು, ದಾರ ಇರೋ ಟೋಪಿ, ಕನ್ನಡಕಕ್ಕೆ ಹಿಂದಿನಿಂದ ಪಟ್ಟಿ, ಹಿಮ್ಮಡಿಗೆ ಪಟ್ಟಿ ಇರೋ ಸ್ಯಾಂಡಲ್. ಲೈಫ್ ಜಾಕೆಟ್ ಅವರೇ ಕೊಡ್ತಾರೆ, ಹಾಕ್ಕೊಂಡ ಮೇಲೆ ಯಾರಾದ್ರೂ ಹಿಂದೆ ನಿಂತು ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೀಬೇಕು, ಕಿವಿ ತನಕ ಬಂದ್ರೆ ಅದು ಸಡಿಲ, ಮತ್ತೆ ಬಿಗಿ ಮಾಡಿ. ನೀರು ಒಳಗೆ ಹೋಗದ ಡ್ರೈ ಬ್ಯಾಗಿನ ಬಾಯಿ ಕನಿಷ್ಠ ಮೂರು ಸುತ್ತು ಸುತ್ತಬೇಕು, ಅದಕ್ಕೂ ಮುಂಚೆ ಅದರ ಮೇಲೆ ಮಂಡಿ ಊರಿ ಗಾಳಿ ತೆಗೀಬೇಕು. ನನ್ನ ಬ್ಯಾಗಲ್ಲಿ ಓಆರ್‌ಎಸ್ ಪೊಟ್ಟಣದ ಪಕ್ಕ ಅವ್ವ ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಕೆಡದೇ ಇರೋ ತಿಂಡಿ ತನ್ನಿ ಅಂದಿದ್ರು, ಇದಕ್ಕಿಂತ ಒಳ್ಳೇದು ನಮ್ಮಲ್ಲಿ ಏನಿದೆ? ಇನ್ಶೂರೆನ್ಸ್ ಇದ್ದವರು ಪಾಲಿಸಿಯಲ್ಲಿ ವಾಟರ್ ಸ್ಪೋರ್ಟ್ಸ್ ಹೊರಗಿಟ್ಟಿದಾರಾ ಅಂತ ಓದ್ಕೊಳ್ಳಿ, ನಮ್ಮ ಮನೆಯವ್ರು ಕೂತು ಓದಿ ಆ ಸಾಲು ಹುಡುಕಿ ಬೇರೆ ಪಾಲಿಸಿ ಮಾಡಿಸಿದ್ರು.

ಮುಂಬೈ ಕನ್ನಡದವರು, ತುಳುವಿನವರು ಎಲ್ಲಾ ಆ ಕಡೆ ಹೋಗೋಕೆ ಮತ್ಸ್ಯಗಂಧ ಹಿಡೀತಾರೆ, ಆದ್ರೆ ಅದರಲ್ಲಿ ಗೋವಾ ಬರೋ ಹೊತ್ತಿಗೆ ಕತ್ತಲೆ. ನಂಗೆ ಹಗಲಲ್ಲಿ ಹೋಗ್ಬೇಕಿತ್ತು, ಅದಕ್ಕೆ ಬೆಳಗಿನ ಮಾಂಡೋವಿ ಎಕ್ಸ್‌ಪ್ರೆಸ್. ತಂಗಿ ಪನ್ವೇಲ್‌ನಲ್ಲಿ ಹತ್ತಿದಳು. ಕೊಂಕಣ ರೈಲ್ವೆ ಅಂದ್ರೆ ಎಲ್ರೂ ಸುರಂಗ, ಜಲಪಾತ ಅಂತಾರೆ, ರತ್ನಾಗಿರಿ ಹತ್ರದ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ, ಅದೆಲ್ಲಾ ಸರಿ. ಈ ಸಲ ನಾನು ನೋಡಿದ್ದು ಖಾಡಿಗಳನ್ನ, ಸಮುದ್ರದ ನೀರು ಒಳಗೆ ಬಂದು ಹೋಗೋ ಹೊಳೆಗಳನ್ನ. ಚಿಪಳೂಣದ ಹತ್ರ ಒಂದು ಕಡೆ ಕೆಸರಿನ ದಂಡೆ ಬೆತ್ತಲೆ ಬಿದ್ದಿತ್ತು, ದೋಣಿಗಳು ಒಂದು ಪಕ್ಕಕ್ಕೆ ಒರಗಿದ್ವು, ಅಂದ್ರೆ ಇಳಿತ. ಸಂಜೆ ಹೊತ್ತಿಗೆ ಗೋವಾದೊಳಗೆ ಬಂದು ಜುವಾರಿ ಸೇತುವೆ ಮೇಲೆ ಹೋಗುವಾಗ ನೀರು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಸೊಂಟದ ತನಕ ಏರಿತ್ತು. ಬೆಳಗ್ಗೆ ಅಲ್ಲಿ ಖಾಲಿಯಾಗಿದ್ದು ಇಲ್ಲಿ ತುಂಬ್ತಿದೆ ಅಂತ ತಂಗಿಗೆ ತೋರಿಸಿದೆ, ಅವಳು ಟೈಡ್ ಟೇಬಲ್ ತೆಗೆದು ಗೋವಾದ ಮೊರ್ಮುಗಾವ್ ಬಂದರಿನ ಉಬ್ಬರದ ಹೊತ್ತು ನೋಡಿ ‘ಹೌದಕ್ಕಾ, ಸರಿಯಾಗಿದೆ’ ಅಂದಾಗ ಆದ ಖುಷಿ ಇದೆಯಲ್ಲ, ಅದನ್ನ ಇಲ್ಲಿ ಬರೆಯೋದು ಕಷ್ಟ. ಇಷ್ಟು ವರ್ಷ ಸುಮ್ನೆ ಕಿಟಕಿ ಹೊರಗೆ ಓಡ್ತಿದ್ದ ನೀರು ಅವತ್ತು ಏನೋ ಹೇಳ್ತಿತ್ತು, ಅದು ನಂಗೆ ಅರ್ಥ ಆಗ್ತಿತ್ತು. ಮಡಗಾಂವ್‌ನಲ್ಲಿ ಇಳಿದು ಕದಂಬ ಬಸ್ಸಲ್ಲಿ ಪಾಲೋಲೆಂ ಪಕ್ಕದ ಕಾಣಕೋಣ. ಸ್ಟ್ಯಾಂಡ್ ಹತ್ರ ಚಹಾ ಅಂಗಡಿಯಲ್ಲಿ ನಾವು ಮಾತಾಡೋದು ಕೇಳಿ ಅಂಗಡಿಯವರು ‘ಯಾವೂರ್ರಿ?’ ಅಂದ್ರು, ಮುದ್ದೇಬಿಹಾಳದವರಂತೆ, ಚಹಾದ ದುಡ್ಡು ತಗೊಳ್ಳೋಕೆ ಬಿಲ್‌ಕುಲ್ ಒಪ್ಪಲಿಲ್ಲ.

ಗೈಡ್ ಕಾಣಕೋಣದವರೇ, ಮೀನುಗಾರರ ಮನೆಯವರು, ಸಹಾಯಕ್ಕೆ ಇದ್ದ ಹುಡುಗ ಕಾರವಾರದ ಕಡೆಯವನು, ಕನ್ನಡ ಮಾತಾಡ್ತಿದ್ದ. ಮೊದಲ ಬೆಳಗ್ಗೆ ಆರೂವರೆಗೆ ದಂಡೆ ಮೇಲೆ ಸೇರಿದ್ವಿ. ಸಮುದ್ರ ಎಣ್ಣೆ ಹಾಕಿದ ಹಾಗೆ ನುಣ್ಣಗೆ. ಗುಂಪಲ್ಲಿ ಯಾರೋ ‘ಇವತ್ತು ಗಾಳಿನೇ ಇಲ್ಲ’ ಅಂದ್ರು. ಗೈಡ್ ಬೆನ್ನ ಹಿಂದಿನ ತೆಂಗಿನ ಗರಿ ತೋರಿಸಿದ್ರು, ತುದಿ ಮಾತ್ರ ಸಮುದ್ರದ ಕಡೆ ಅಲ್ಲಾಡ್ತಿತ್ತು. ರಾತ್ರಿ ನೆಲ ತಣ್ಣಗಾಗಿ ಬೆಳಗ್ಗೆ ನೆಲದಿಂದ ನೀರಿನ ಕಡೆ ಗಾಳಿ ಬೀಸತ್ತೆ, ದಂಡೆ ಹತ್ರ ಗುಡ್ಡ ಮರ ಅಡ್ಡ ಇರೋದ್ರಿಂದ ಗೊತ್ತಾಗಲ್ಲ, ಹೊರಗೆ ಹೋದ ಹಾಗೆಲ್ಲಾ ಅದು ನಮ್ಮನ್ನ ಇನ್ನೂ ಹೊರಗೆ ತಳ್ತಾ ಹೋಗತ್ತೆ. ಶಾಂತವಾಗಿದೆ ಅಂತ ನಂಬಿ ಹೋದವರು ವಾಪಸ್ ಬರೋವಾಗ ಸುಸ್ತಾಗೋದು ಇದಕ್ಕೇ. ಹತ್ತು ಹನ್ನೊಂದರ ಮೇಲೆ ನೆಲ ಕಾದು ಗಾಳಿ ತಿರುಗಿ ವಾಯುವ್ಯದಿಂದ ಬರೋಕೆ ಶುರುವಾಗತ್ತೆ, ಅಷ್ಟರಲ್ಲಿ ದಂಡೆ ಮೇಲಿರಬೇಕು. ಆ ಎರಡು ಗಾಳಿಯ ನಡುವಿನ ಕಿಂಡಿಯಲ್ಲೇ ನಮ್ಮ ಇಡೀ ದಿನದ ಪ್ಲಾನು.

ಪಾಲೋಲೆಂ ಉತ್ತರದ ತುದಿಯ ಸಣ್ಣ ದ್ವೀಪ ಸುತ್ತಿ, ಬಂಡೆಗಳ ಹೊರಗಿಂದ ಬಟರ್‌ಫ್ಲೈ ಬೀಚ್ ಕಡೆ ಹೋದ್ವಿ. ಬಂಡೆ ಹತ್ರ ಸೌಂದರ್ಯ, ಬಂಡೆಯಿಂದ ದೂರ ಇದ್ರೆ ಸುಖ. ಅಲೆ ಬಡಿದು ತಿರುಗಿ ಬರೋ ಕಡೆ ದೋಣಿ ಕೆಳಗಿಂದ ಯಾರೋ ಮುಷ್ಟಿಯಲ್ಲಿ ಗುದ್ದಿದ ಹಾಗೆ ಎದ್ದೆದ್ದು ಬೀಳತ್ತೆ. ‘ಸೊಂಟ ಸಡಿಲ ಬಿಡಿ ಅಕ್ಕಾ, ಹುಟ್ಟು ಹಾಕ್ತಾನೇ ಇರಿ, ನಿಲ್ಲಿಸಬೇಡಿ’ ಅಂತ ಆ ಹುಡುಗ ಪಕ್ಕದಲ್ಲೇ ಬಂದ. ನಿಂತ ಪ್ಯಾಡಲ್‌ಗಿಂತ ಓಡೋ ಪ್ಯಾಡಲ್ ದೋಣಿಯನ್ನ ಚೆನ್ನಾಗಿ ಹಿಡಿಯತ್ತೆ ಅನ್ನೋದು ಅಲ್ಲಿ ಮೈಗೆ ತಿಳೀತು. ಬಿಳಿ ಹೊಟ್ಟೆಯ ಕಡಲ ಹದ್ದೊಂದು ಗುಡ್ಡದಿಂದ ಜಾರಿ ಬಂದು ನಮ್ಮ ಮುಂದೇನೇ ನೀರು ಮುಟ್ಟಿ ಹೋಯ್ತು. ಡಾಲ್ಫಿನ್‌ಗಳು ದೂರದಲ್ಲಿ ಬೆನ್ನು ತೋರಿಸಿದ್ವು, ಗೈಡ್ ಅಟ್ಟಿಸಿಕೊಂಡು ಹೋಗೋಕೆ ಬಿಡಲಿಲ್ಲ, ಎಲ್ರೂ ಹುಟ್ಟು ಮಡಿಲಲ್ಲಿಟ್ಟು ಸುಮ್ನೆ ತೇಲಿದ್ವಿ. ದಂಡೆಗೆ ಇಳಿಯೋವಾಗ ಇನ್ನೊಂದು ಪಾಠ, ದೋಣಿಗೂ ದಂಡೆಗೂ ನಡುವೆ ಯಾವತ್ತೂ ನಿಲ್ಲಬಾರದು. ಹಿಂದಿನ ಅಲೆ ದೋಣಿಯನ್ನ ಎತ್ತಿ ನೇರ ಮೊಣಕಾಲಿಗೆ ಬಡಿಯತ್ತೆ, ಒಳಗೆ ನೀರು ತುಂಬಿದ್ರಂತೂ ಅದರ ಭಾರ ಹೇಳೋದೇ ಬೇಡ.

ಈ ಟ್ರಿಪ್‌ಗೆ ನಾನು ಬಂದಿದ್ದೇ ಕಾಬೊ ದ ರಾಮದ ಕೋಟೆಯನ್ನ ನೀರಿನ ಕಡೆಯಿಂದ ನೋಡೋಕೆ. ಅಲ್ಲಿಗೆ ಹೋಗ್ಬೇಕಿದ್ದ ದಿನ ಬೆಳಗ್ಗೆ ದೋಣಿ ಎಲ್ಲಾ ಮರಳ ಮೇಲೆ ಸಾಲಾಗಿ ಇಟ್ಟಾಗಿತ್ತು, ಡ್ರೈ ಬ್ಯಾಗ್ ಒಳಗೆ ಹೋಗಿತ್ತು. ಗೈಡ್ ನೀರಿನಂಚಲ್ಲಿ ಕೈಕಟ್ಟಿ ನಿಂತ್ರು, ತುಂಬಾ ಹೊತ್ತು. ನಾನೂ ಹೋಗಿ ಪಕ್ಕ ನಿಂತೆ. ‘ಏನ್ ಕಾಣ್ತಿದೆ?’ ಅಂದ್ರು. ಕೊಲ್ಲಿಯೊಳಗೆ ಏನೂ ಇಲ್ಲ. ಆದ್ರೆ ಆಕಾಶ ನೀರು ಸೇರೋ ಗೆರೆ ಅವತ್ತು ನೇರ ಇರಲಿಲ್ಲ, ಗರಗಸದ ಹಲ್ಲಿನ ಥರ ಒರಟೊರಟಾಗಿತ್ತು. ತೆಂಗಿನ ಗರಿನೂ ಬೇರೆ ಕಡೆ ತಿರುಗಿತ್ತು, ಇನ್ನೂ ಏಳಾಗಿಲ್ಲ, ಆಗಲೇ ವಾಯುವ್ಯ. ಅವರು ತಿರುಗಿ ಎಲ್ರಿಗೂ ಹೇಳಿದ್ರು, ‘ಇವತ್ತು ಬೇಡ.’

ಗುಂಪಲ್ಲಿ ಒಬ್ರಿಗೆ ಸಿಟ್ಟು ಬಂತು. ಎದುರಿಗೆ ನೀರು ಶಾಂತವಾಗಿದೆ, ದುಡ್ಡು ಕೊಟ್ಟಿದೀವಿ, ನಾಳೆ ರಜೆ ಇಲ್ಲ, ಇಷ್ಟು ದೂರ ಬಂದು ಹೀಗಾ ಅಂತ. ಅವರ ಬೇಜಾರು ನಂಗೆ ಪೂರ್ತಿ ಅರ್ಥ ಆಯ್ತು, ನನ್ನ ಹೊಟ್ಟೆಯಲ್ಲೂ ಅದೇ ಸಂಕಟ. ಗೈಡ್ ದನಿ ಏರಿಸ್ಲಿಲ್ಲ, ಕ್ಷಮೆನೂ ಕೇಳಲಿಲ್ಲ. ಮರಳ ಮೇಲೆ ಕಡ್ಡಿಯಿಂದ ಗೆರೆ ಎಳೆದು ತೋರಿಸಿದ್ರು. ದಾರಿಯಲ್ಲಿ ಸಿಗೋ ಆಗೊಂದ ಬೀಚ್ ದಾಟಿದ ಮೇಲೆ ಅಲ್ಲೊಂದು ಇಲ್ಲೊಂದು ತುಂಡು ಮರಳು ಬಿಟ್ರೆ ಬರೀ ಬಂಡೆ. ಹೋಗುವಾಗ ಎದುರುಗಾಳಿ, ಅದು ಬರೀ ಕಷ್ಟ. ಬರುವಾಗ ಅಲೆ ಬೆನ್ನ ಹಿಂದಿಂದ, ಅದು ಅಪಾಯ, ಹಿಂದಿನ ಅಲೆ ದೋಣಿಯ ಬಾಲ ಎತ್ತಿ ಅಡ್ಡ ತಿರುಗಿಸಿ ಬಿಡತ್ತೆ, ಹೊಸಬರು ಅಲ್ಲೇ ಮಗುಚೋದು. ಒಬ್ರು ಮಗುಚಿದ್ರೆ ಎತ್ತಬಹುದು, ಎತ್ತೋವಾಗ ಇನ್ನೊಬ್ರು ಮಗುಚಿದ್ರೆ ಗಾಳಿ ಎಲ್ರನ್ನೂ ಬಂಡೆ ಕಡೆ ತಗೊಂಡು ಹೋಗತ್ತೆ. ಇಷ್ಟು ಹೇಳಿ ದೋಣಿಗಳನ್ನ ಗಾಡಿ ಮೇಲೆ ಏರಿಸೋಕೆ ಶುರು ಮಾಡಿದ್ರು.

ನಂಗೆ ಅಲ್ಲೇ ಉತ್ತರ ಸಿಕ್ತು. ಈಜುಕೊಳದಲ್ಲಿ ಕಲಿತದ್ದು, ಮೊಬೈಲಲ್ಲಿ ನೋಡಿದ ಮುನ್ಸೂಚನೆ, ಕಾಲನಿರ್ಣಯದ ಅಷ್ಟಮಿ, ಎಲ್ಲಾ ಸೇರಿಸಿದ್ರೂ ಆ ಹೊತ್ತಲ್ಲಿ ನಾನು ಹೋಗ್ತಿದ್ದೆ. ಇಷ್ಟು ತಯಾರಿ ಮಾಡಿದೀನಿ ಅನ್ನೋದೇ ಹೋಗೋಕೆ ಕಾರಣ ಆಗ್ತಿತ್ತು. ಸಿಟ್ಟಾದ ಗಿರಾಕಿ ಎದುರಿಗೆ ನಿಂತು, ಕಾಣೋ ನೀರು ಶಾಂತವಾಗಿರುವಾಗ ಕಾಣದ ನೀರಿನ ಲೆಕ್ಕ ಹಾಕಿ ಬೇಡ ಅನ್ನೋ ಶಕ್ತಿ ಇದೆಯಲ್ಲ, ನಾನು ದುಡ್ಡು ಕೊಟ್ಟಿದ್ದು ಅದಕ್ಕೆ, ಕೊಟ್ಟಿದ್ದು ಕಡಿಮೆನೇ ಆಯ್ತು.

ಗಾಡಿ ಹೋಗಿ ನಿಂತಿದ್ದು ಗಾಲ್ಜಿಬಾಗ್ ಹೊಳೆ ದಂಡೆಯಲ್ಲಿ. ಅಲ್ಲೂ ಹೊಳೆ ಸಮುದ್ರ ಸೇರೋ ಅಳಿವೆ ಕಡೆ ಹೋಗೋಕೆ ಬಿಡಲಿಲ್ಲ, ಇಳಿತದ ನೀರು ಹೊರಗೆ ಓಡುವಾಗ ಎದುರಿಂದ ಸಮುದ್ರದ ಅಲೆ ಬಂದ್ರೆ ಅಳಿವೆ ಬಾಗಿಲಲ್ಲೇ ಅಲೆ ನೆಟ್ಟಗೆ ನಿಂತು ಒಡೆಯತ್ತಂತೆ. ನಾವು ಏರೋ ನೀರಿನ ಜೊತೆ ಒಳಗಡೆ ಹೋದ್ವಿ. ಎರಡೂ ಕಡೆ ಕಾಂಡ್ಲಾ, ಕಾಲೂರಿ ನಿಂತ ಬೇರುಗಳ ಮಧ್ಯೆ ಕೆಸರು ಮೀನು ನೆಲದ ಮೇಲೆ ನೆಗೀತಿತ್ತು, ಬೇರಿನ ಮೇಲೆ ನೀರು ಎಲ್ಲಿ ತನಕ ಏರತ್ತೆ ಅನ್ನೋದಕ್ಕೆ ಒಂದು ಕಂದು ಗೆರೆ, ಅದರ ಕೆಳಗೆ ಪುಟ್ಟ ಚಿಪ್ಪುಗಳು ಒತ್ತೊತ್ತಾಗಿ ಅಂಟಿದ್ವು. ಹುಟ್ಟಿನಿಂದ ಹನಿ ತೊಟ್ಟಿಕ್ಕೋ ಸದ್ದು ಬಿಟ್ರೆ ಬೇರೆ ಏನಿಲ್ಲ. ಬೆಳಗ್ಗೆ ಸಿಟ್ಟಾಗಿದ್ದವರೇ ಒಂದು ಮಿಂಚುಳ್ಳಿ ತೋರಿಸಿ ‘ಅಲ್ನೋಡಿ, ಅಲ್ನೋಡಿ’ ಅಂತ ಪಿಸುಗುಟ್ಟಿದ್ರು. ಹೊಳೆ ಆಚೆಯ ಗಾಳಿಮರದ ದಂಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡೋ ಜಾಗ, ಅದಕ್ಕೆ ಅಲ್ಲಿ ದೋಣಿ ಹಚ್ಚಲಿಲ್ಲ. ಈ ಕಡೆಯ ದಿಬ್ಬದ ಮೇಲೆ ಕೂತು ಡ್ರೈ ಬ್ಯಾಗ್ ಬಿಚ್ಚಿದೆ, ಮೂರು ಸುತ್ತು ಸುತ್ತಿದ್ದಕ್ಕೆ ರೊಟ್ಟಿ ಇನ್ನೂ ಖಡಕ್ಕಾಗೇ ಇತ್ತು, ಮುರಿದ್ರೆ ಟಕ್ ಅಂತು. ಕಾರವಾರದ ಹುಡುಗ ಶೇಂಗಾ ಹಿಂಡಿ ಎರಡು ಸಲ ಹಾಕಿಸ್ಕೊಂಡ. ಆಚೆ ಅಳಿವೆಯಲ್ಲಿ ಅಲೆ ಒಡೆಯೋ ಸದ್ದು ಹತ್ತು ಗಂಟೆ ಹೊತ್ತಿಗೆ ಇಲ್ಲಿ ತನಕ ಕೇಳೋಕೆ ಶುರುವಾಯ್ತು, ಯಾರೂ ಏನೂ ಮಾತಾಡಲಿಲ್ಲ.

ಮೊದಲ ಸಲ ಹೋಗೋರು ಯಾರಾದ್ರೂ ಇದನ್ನ ಓದ್ತಿದ್ರೆ, ಬುಕ್ ಮಾಡೋ ಮುಂಚೆ ಫೋನ್ ಮಾಡಿ ಈ ಮಾತು ಕೇಳಿ. ಒಬ್ಬ ಗೈಡ್‌ಗೆ ಎಷ್ಟು ದೋಣಿ, ಮಗುಚಿದ್ರೆ ನೀರಲ್ಲೇ ಹೇಗೆ ಎತ್ತಿ ಕೂರಿಸ್ತೀರಾ, ಅದನ್ನ ನಮಗೆ ದಂಡೆ ಹತ್ರ ಮೊದಲು ಮಾಡಿಸ್ತೀರಾ, ಪ್ಲಾನ್ ಮಾಡಿದ ಜಾಗಕ್ಕೆ ಹೋಗೋಕಾಗದೇ ಇದ್ರೆ ಬೇರೆ ಎಲ್ಲಿಗೆ ಕರ್ಕೊಂಡು ಹೋಗ್ತೀರಾ. ಕೊನೆಗೆ, ಈ ಸೀಸನ್‌ನಲ್ಲಿ ಎಷ್ಟು ಸಲ ಟ್ರಿಪ್ ಕ್ಯಾನ್ಸಲ್ ಮಾಡಿದೀರಾ ಅಂತ ಕೇಳಿ. ಒಂದೂ ಇಲ್ಲ ಅಂದ್ರೆ ಫೋನ್ ಇಟ್ಟುಬಿಡಿ.